ಮಡಿಯಲ್ಲಿರುವ ಸೆಕ್ಯೂರ್ ಫರ್ಮ್‌ವೇರ್ ಅವರಿಗೆ ಮೈಲಿಗೆಯವನ ಮನವಿ

ಇಂದ,
ಒಬ್ಬ ಕರ್ನಲ್ ಎಂಜಿನಿಯರ್,
ನಾರ್ಮಲ್ ವರ್ಲ್ಡ್, ಬೆಂಗಳೂರು.

ಗೆ,
ಶ್ರೀ ಸೆಕ್ಯೂರ್ ಫರ್ಮ್‌ವೇರ್ ಅವರು,
ಸೆಕ್ಯೂರ್ ವರ್ಲ್ಡ್, ಮೂರನೇ ಮಹಡಿ.

ಮಾನ್ಯರೇ,

ವಿಷಯ: ತಮ್ಮ ಅಪ್ಪಣೆಯಿಲ್ಲದೆ ಎರಡನೇ ಕೋರನ್ನು ಎಬ್ಬಿಸಲು ಹೋಗಿದ್ದಕ್ಕೆ ಕ್ಷಮಾಪಣೆ ಮತ್ತು ಇತರೆ ಅಹವಾಲುಗಳ ಬಗ್ಗೆ.

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ನಾನು ಹತ್ತು ಹನ್ನೆರಡು ವರ್ಷಗಳಿಂದ ಆಪರೇಟಿಂಗ್ ಸಿಸ್ಟಮ್ಮಿನ ಕರ್ನಲ್ ರಿಪೇರಿ ಮಾಡಿಕೊಂಡು ಹೊಟ್ಟೆ ಹೊರೆಯುತ್ತಿರುವವನು. ತಾವು ನನ್ನನ್ನು ದಿನಾ ನೋಡುತ್ತೀರಿ. ನಾನು ತಮ್ಮನ್ನು ಒಮ್ಮೆಯೂ ನೋಡಿಲ್ಲ. ನನ್ನ ಕಣ್ಣಿಗೆ ಬೀಳಬಾರದೆಂದೇ ತಮ್ಮನ್ನು ಹುಟ್ಟಿಸಿದ್ದಾರಂತೆ, ಆದ್ದರಿಂದ ಅದರ ಬಗ್ಗೆ ತಕರಾರಿಲ್ಲ. ಖಾಸಗಿಯಾಗಿಯೇ ಬರೆಯಬಹುದಿತ್ತು. ಆದರೆ ತಮ್ಮ ಸೋರ್ಸ್ ಕೋಡ್ ನಮ್ಮ ಕೈಗೆ ಬಂದಿಲ್ಲ, ಬರೆದವರ ಹೆಸರು ಗೊತ್ತಿಲ್ಲ, ಚಿಪ್ ಮಾರಿದವರನ್ನು ಕೇಳಿದರೆ ‘ಅದು ಇನ್ನೊಂದು ಟೀಮಿನದು’ ಅನ್ನುತ್ತಾರೆ. ಊರ ಜಗಲಿಯಲ್ಲಿ ನಿಂತು ಕೂಗುವುದೊಂದೇ ಉಳಿದಿರುವ ದಾರಿ.

ಕೂಗಿದ ಮೇಲೆ ದಾರಿಯಲ್ಲಿ ಹೋಗುವವರೂ ನಿಂತು ಕೇಳುತ್ತಾರೆ. ಅವರಿಗಾಗಿ ನಾಲ್ಕು ಮಾತು. ಆಂಡ್ರಾಯ್ಡ್ ಫೋನುಗಳು ಹೆಚ್ಚುಕಡಿಮೆ ಎಲ್ಲವೂ ಆರ್ಮ್ ಪ್ರೊಸೆಸರಿನವು, ಒಳಗೆ ಮನೆವಾರ್ತೆ ನೋಡಿಕೊಳ್ಳುವುದು ಲಿನಕ್ಸ್ ಕರ್ನಲ್. ಯಾವ ಆ್ಯಪಿಗೆ ಎಷ್ಟು ಮೆಮೊರಿ, ಯಾರಿಗೆ ಎಷ್ಟು ಹೊತ್ತು ಸಿಪಿಯು, ಕ್ಯಾಮೆರಾ ಯಾರ ಕೈಲಿ, ಎಲ್ಲಾ ಕರ್ನಲ್ಲಿನ ಪಾರುಪತ್ಯ. ಕಾಲೇಜಿನಲ್ಲಿ ನಮಗೆ ಪಾಠ ಮಾಡಿದವರು ಕರ್ನಲ್ಲಿಗಿಂತ ದೊಡ್ಡವರು ಯಾರೂ ಇಲ್ಲ ಎಂದೇ ಹೇಳಿಕೊಟ್ಟಿದ್ದರು. ಆದರೆ 2003ರಲ್ಲೇ ಆರ್ಮ್ ಕಂಪನಿ ಟ್ರಸ್ಟ್‌ಝೋನ್ ಎಂಬ ಏರ್ಪಾಡನ್ನು ಪ್ರಕಟಿಸಿತ್ತು. ಅದರ ಪ್ರಕಾರ ಒಂದೇ ಚಿಪ್ಪಿನಲ್ಲಿ ಎರಡು ಲೋಕ: ಒಂದು ಸೆಕ್ಯೂರ್, ಇನ್ನೊಂದು ನಾರ್ಮಲ್. ಎರಡರ ನಡುವೆ ಗೋಡೆಯಾಗಿ ನಿಂತಿರುವುದು ಒಂದೇ ಒಂದು ಬಿಟ್. ಅದರ ಹೆಸರು ಎನ್‌ಎಸ್, ಅಂದರೆ ನಾನ್‌ಸೆಕ್ಯೂರ್. ಚಿಪ್ಪಿನೊಳಗೆ ಮಾಹಿತಿ ಸಾಗಿಸುವ ಬಸ್ಸಿನ ಮೇಲೆ ಹೋಗುವ ಪ್ರತಿಯೊಂದು ಓದು, ಪ್ರತಿಯೊಂದು ಬರಹದ ಹಣೆಗೂ ಆ ಬಿಟ್ ಅಂಟಿಸಿರುತ್ತಾರೆ. ಒಂದು ಇದ್ದರೆ ಮೈಲಿಗೆ, ಸೊನ್ನೆ ಇದ್ದರೆ ಮಡಿ. ಮುಂದೆ 64 ಬಿಟ್ಟಿನ ಆರ್ಮ್ ಬಂದಾಗ ಇದನ್ನು ಮಹಡಿ ಲೆಕ್ಕದಲ್ಲಿ ಕಟ್ಟಿದರು. ನೆಲಮಹಡಿಯಲ್ಲಿ ಆ್ಯಪುಗಳು, ಒಂದನೇ ಮಹಡಿಯಲ್ಲಿ ಕರ್ನಲ್, ಎರಡನೆಯದರಲ್ಲಿ ಹೈಪರ್‌ವೈಸರ್, ಮೂರನೆಯದರಲ್ಲಿ ತಾವು. ಮೇಲೆ ಹತ್ತುವುದಕ್ಕೆ ಮೆಟ್ಟಿಲಿಲ್ಲ. ಒಂದು ಕಿಂಡಿಯಿದೆ. ಅದರ ಹೆಸರು ಎಸ್‌ಎಂಸಿ, ಸೆಕ್ಯೂರ್ ಮಾನಿಟರ್ ಕಾಲ್. ಆರ್ಮ್ ಪ್ರೊಸೆಸರಿನ ಒಂದು ಸೂಚನೆ ಅದು. ಅದನ್ನು ಕೊಟ್ಟ ಕ್ಷಣ ನಾವು ಇದ್ದಲ್ಲೇ ಮರಗಟ್ಟಿ ನಿಲ್ಲುತ್ತೇವೆ, ತಾವು ಎದ್ದು ಬಂದು ಅರ್ಜಿ ನೋಡುತ್ತೀರಿ.

ಮಡಿ ಅಂದೆ. ನನ್ನ ಅಜ್ಜಿಯ ನೆನಪಾಗಿ ಬಂದ ಮಾತು. ಮಲೆನಾಡಿನ ಮನೆ. ಅಜ್ಜಿ ಒದ್ದೆ ಸೀರೆ ಉಟ್ಟು ಅಡುಗೆಮನೆ ಹೊಕ್ಕರೆ ಹೊಸ್ತಿಲಿನಿಂದ ಈಚೆಗೆ ನಾವು, ಆಚೆಗೆ ಅವಳು. ನಾವು ಹತ್ತಿರ ಸುಳಿದರೆ ‘ಏ ಮಾಣಿ, ದೂರ, ದೂರ!’ ಎಂಬ ಕೂಗು. ಅವಳು ಆ ಕಡೆ ಏನು ಮಾಡುತ್ತಿದ್ದಾಳೆ ಅಂತ ಕೇಳುವ ಹಾಗಿಲ್ಲ, ಊಟಕ್ಕೆ ಕೂತಾಗ ಎಲೆಗೆ ಬಿದ್ದದ್ದನ್ನು ನೋಡಿ ತಿಳಿದುಕೊಳ್ಳಬೇಕು. ಎಂಜಿನಿಯರ್ ಆದ ಮೇಲೆ ಆ ಮನೆಯಿಂದ ತಪ್ಪಿಸಿಕೊಂಡೆ ಅಂದುಕೊಂಡಿದ್ದೆ.

ಈಗ ಕ್ಷಮಾಪಣೆಯ ವಿಚಾರಕ್ಕೆ ಬರುತ್ತೇನೆ. 2013ರ ಮಳೆಗಾಲ. ನಾಲ್ಕು ಕೋರಿನ, ಅಂದರೆ ಒಳಗೆ ನಾಲ್ಕು ಸಿಪಿಯು ಇರುವ, ಒಂದು ಚಿಪ್ಪಿನ ಮೇಲೆ ಲಿನಕ್ಸ್ ಬೂಟ್ ಮಾಡಿಸುವ ಕೆಲಸ ನನ್ನ ಪಾಲಿಗೆ ಬಂತು. ಯಾರ ಚಿಪ್ಪು, ಯಾವ ಕಂಪನಿ ಎನ್ನುವುದು ಬೇಡ. ಡೆವಲಪ್‌ಮೆಂಟ್ ಬೋರ್ಡಿನ ಮೇಲೆ ನಾಲ್ಕೂ ಕೋರು ಸರಾಗವಾಗಿ ಎದ್ದಿದ್ದವು. ಒಂದು ಶುಕ್ರವಾರ, ಮಾರಾಟಕ್ಕೆ ಹೋಗುವ ಅಸಲಿ ಬೋರ್ಡು ಬಂತು. ಅದೇ ಚಿಪ್ಪು, ಅದೇ ಕರ್ನಲ್. ಸೀರಿಯಲ್ ಕೇಬಲ್ ಸಿಕ್ಕಿಸಿ 115200 ವೇಗಕ್ಕೆ ಮಿನಿಕಾಮ್ ತೆರೆದೆ. ಅಕ್ಷರಗಳು ಮಳೆಯ ಹಾಗೆ ಸುರಿದವು. ಮೊದಲನೇ ಕೋರಿನ ಕೆಲಸವೆಲ್ಲ ಮುಗಿಯಿತು. ಆಮೇಲೆ ಸರಿಯಾಗಿ ಒಂದು ಸೆಕೆಂಡಿನ ಮೌನ. ಬಳಿಕ ಒಂದು ಸಾಲು: ‘ಸಿಪಿಯು1: ಫೇಲ್ಡ್ ಟು ಕಮ್ ಆನ್‌ಲೈನ್.’ ಮತ್ತೊಂದು ಸೆಕೆಂಡು. ಸಿಪಿಯು2, ಅದೇ ಕಥೆ. ಸಿಪಿಯು3, ಅದೇ ಕಥೆ. ಆ ಒಂದೊಂದು ಸೆಕೆಂಡು ಏನೆಂದು ನನಗೆ ಗೊತ್ತಿತ್ತು. ಕೋರನ್ನು ಎಬ್ಬಿಸಿ ‘ಎದ್ಯಾ?’ ಎಂದು ಕೇಳಿ ಕರ್ನಲ್ ಸಾವಿರ ಮಿಲಿಸೆಕೆಂಡು ಕಾಯುತ್ತದೆ. ಉತ್ತರ ಬರದಿದ್ದರೆ ಒಂದು ಸಾಲು ಬರೆದು ಮುಂದಕ್ಕೆ ಹೋಗುತ್ತದೆ. ನಮ್ಮ ಮ್ಯಾನೇಜರು ಹಿಂದೆ ಬಂದು ನಿಂತು, ‘ನಾಲ್ಕು ಕೋರಿಗೆ ದುಡ್ಡು ಕೊಟ್ಟಿದೀವಲ್ರೀ, ಒಂದೇ ದುಡೀತಿದೆಯಲ್ಲ?’ ಅಂದರು. ಉಳಿದ ಮೂವರನ್ನು ಕಟ್ಟಿಹಾಕಿದವರು ಯಾರು ಎಂದು ನನಗೆ ಆಗ ಗೊತ್ತಿರಲಿಲ್ಲ.

ಶನಿವಾರ ಇನ್ನೊಂದು ಸಾಹಸ ಮಾಡಿದೆ. ಕೋರುಗಳ ಮಾತು ಹಾಗಿರಲಿ, ಎಲ್2 ಕ್ಯಾಶ್ ಎಂಬ ವೇಗದ ಮೆಮೊರಿಯನ್ನಾದರೂ ಹಚ್ಚೋಣವೆಂದು ಅದರ ಕಂಟ್ರೋಲ್ ರಿಜಿಸ್ಟರಿಗೆ ಒಂದು ಎಂದು ಬರೆದೆ. ಇಡೀ ಬೋರ್ಡು ಮಕಾಡೆ ಬಿತ್ತು. ತೆರೆಯ ಮೇಲೆ ಉಳಿದದ್ದು ‘ಇಂಪ್ರಿಸೈಸ್ ಎಕ್ಸ್‌ಟರ್ನಲ್ ಅಬಾರ್ಟ್’ ಎಂಬ ಶವಪರೀಕ್ಷೆಯ ವರದಿ. ಈ ‘ಇಂಪ್ರಿಸೈಸ್’ ಎಂಬ ಪದದಲ್ಲಿರುವ ಸೌಜನ್ಯವನ್ನು ಓದುಗರು ಗಮನಿಸಬೇಕು. ತಪ್ಪಾಗಿದೆ ಅನ್ನುತ್ತದೆ, ಎಲ್ಲಿ ಅನ್ನುವುದಿಲ್ಲ. ಬರಹ ಬಸ್ಸಿನಲ್ಲಿ ಹೋಗಿ, ಮಡಿಯವರ ಬಾಗಿಲು ತಟ್ಟಿ, ಛೀಮಾರಿ ಹಾಕಿಸಿಕೊಂಡು ವಾಪಸು ಬರುವ ಹೊತ್ತಿಗೆ ಸಿಪಿಯು ಎಷ್ಟೋ ಸೂಚನೆ ದಾಟಿ ಮುಂದೆ ಹೋಗಿರುತ್ತದೆ. ವರದಿಯಲ್ಲಿ ಕಾಣುವ ವಿಳಾಸ ಪಾಪದ ಯಾವನೋ ದಾರಿಹೋಕನದು. ನಾನು ಎರಡು ದಿನ ಆ ದಾರಿಹೋಕನ ವಿಚಾರಣೆ ನಡೆಸಿದೆ.

ಸೋಮವಾರ ಚಿಪ್ ಮಾರಿದವರಿಂದ ಎರಡು ಪುಟದ ಪಿಡಿಎಫ್ ಬಂತು. ಪ್ರತಿ ಪುಟದ ಮೇಲೂ ಅಡ್ಡಡ್ಡಲಾಗಿ ‘ಗೌಪ್ಯ’ ಎಂಬ ಮುದ್ರೆ, ಕೆಳಗಿನ ಅಕ್ಷರ ಓದಲಾಗದಷ್ಟು ದಪ್ಪಕ್ಕೆ. ಅದರಲ್ಲಿದ್ದ ವಿಚಾರ ಇಷ್ಟೇ: ಅಸಲಿ ಬೋರ್ಡುಗಳಲ್ಲಿ ಸೆಕ್ಯೂರ್ ಫರ್ಮ್‌ವೇರ್ ಇರುತ್ತದೆ, ಕೋರ್ ಎಬ್ಬಿಸುವುದಕ್ಕೂ ಕ್ಯಾಶ್ ಹಚ್ಚುವುದಕ್ಕೂ ಅದನ್ನೇ ಕೇಳತಕ್ಕದ್ದು, ವಿವರಗಳಿಗೆ ಇನ್ನೊಂದು ದಾಖಲೆ ನೋಡುವುದು. ಇನ್ನೊಂದು ದಾಖಲೆ ಕೇಳಿದ್ದಕ್ಕೆ, ‘ಅದು ನಿಮ್ಮ ದರ್ಜೆಯ ಗ್ರಾಹಕರಿಗೆ ಕೊಡುವಂಥದ್ದಲ್ಲ’ ಎಂಬ ಉತ್ತರ.

ಆದ್ದರಿಂದ ಮಾನ್ಯರೇ, ಅಪ್ಪಣೆಯಿಲ್ಲದೆ ಕೋರನ್ನು ಮುಟ್ಟಿದ್ದು ತಪ್ಪಾಯಿತು. ಅಲ್ಲಿ ತಾವಿದ್ದೀರಿ ಎಂದು ಯಾರೂ ಹೇಳಿರಲಿಲ್ಲ.

ಹಾಗೆಂದು ನನ್ನೊಬ್ಬನ ಹಣೆಬರಹವೇನೂ ಅಲ್ಲ ಇದು. ಅದೇ ಕಾಲದಲ್ಲಿ ಲಿನಕ್ಸ್ ಕರ್ನಲ್ಲಿನಲ್ಲಿ ತಮ್ಮಂಥವರಿಗಾಗಿ ಒಂದು ಅರ್ಜಿ ನಮೂನೆಯನ್ನೇ ಸಿದ್ಧಮಾಡಿದರು. ಫರ್ಮ್‌ವೇರ್ ಆಪ್ಸ್ ಎಂದು ಅದರ ಹೆಸರು. ಕೋರ್ ಎಬ್ಬಿಸುವುದು, ಅದು ಎದ್ದು ಎಲ್ಲಿಗೆ ಬರಬೇಕೆಂದು ವಿಳಾಸ ಕೊಡುವುದು, ಮಲಗಿಸುವುದು, ಎಲ್2 ಕ್ಯಾಶ್ ಹಚ್ಚುವುದು, ಒಂದೊಂದಕ್ಕೂ ಒಂದೊಂದು ಖಾನೆ. ಮೇಲೆ ಯಾರಾದರೂ ಇದ್ದರೆ ಅವರನ್ನು ಕೇಳು, ಯಾರೂ ಇಲ್ಲದಿದ್ದರೆ ನೀನೇ ಮಾಡಿಕೋ ಎಂಬ ಸರಳ ಶಾಸ್ತ್ರ. ಮೇಲೆ ಯಾರಾದರೂ ಇದ್ದಾರೋ ಇಲ್ಲವೋ ಎಂದು ಕರ್ನಲ್ಲಿಗೆ ತಿಳಿಯುವುದು ಹೇಗೆ? ತಾವಾಗಿ ಹೇಳುವವರಲ್ಲ. ಅದಕ್ಕೆ ಡಿವೈಸ್ ಟ್ರೀ ಎಂಬ ಮನೆಯ ನಕ್ಷೆಯಲ್ಲಿ ‘ಇಲ್ಲೊಬ್ಬರು ಸೆಕ್ಯೂರ್ ಫರ್ಮ್‌ವೇರ್ ವಾಸವಾಗಿದ್ದಾರೆ’ ಎಂದು ನಾವೇ ಒಂದು ಸಾಲು ಬರೆದುಕೊಳ್ಳಬೇಕು. ದೇವರಿದ್ದಾನೆ ಎಂದು ಭಕ್ತನೇ ಬೋರ್ಡು ಬರೆಸಿ ಹಾಕಿದ ಹಾಗೆ.

ಆ ಕೋಡನ್ನು ಇವತ್ತಿಗೂ ಯಾರು ಬೇಕಾದರೂ ತೆರೆದು ಓದಬಹುದು. ಸ್ಯಾಮ್ಸಂಗ್ ಎಕ್ಸಿನಾಸ್ ಚಿಪ್ಪುಗಳ ಫೈಲನ್ನು ನಾನು ಬೇಜಾರಾದಾಗ ಓದುವುದುಂಟು, ಕೂಡುಕುಟುಂಬದ ಕಾದಂಬರಿಯ ಹಾಗಿದೆ. ಕೋರ್ ಎಬ್ಬಿಸಬೇಕಾದರೆ ಮೊದಲು ಎದ್ದು ಬರಬೇಕಾದ ವಿಳಾಸವನ್ನು ಮೈಲಿಗೆಯವರೂ ಮುಟ್ಟಬಹುದಾದ ಒಂದು ಸಣ್ಣ ಮೆಮೊರಿಯಲ್ಲಿ ಬರೆದಿಡಬೇಕು. ಎಲ್ಲಾ ಕೋರಿಗೂ ಅದು ಒಂದೇ ಜಾಗ. ಆದರೆ ಗ್ಯಾಲಕ್ಸಿ ಎಸ್3 ಫೋನಿನಲ್ಲಿದ್ದ 4412 ಎಂಬ ಚಿಪ್ಪೊಂದು ಬೇರೆ ಹಾದಿ ಹಿಡಿದಿದೆ, ಅದರಲ್ಲಿ ಪ್ರತಿ ಕೋರಿಗೂ ನಾಲ್ಕು ನಾಲ್ಕು ಬೈಟ್ ಮುಂದಕ್ಕೆ ಸರಿಯಬೇಕು. ಬರೆದ ಮೇಲೆ ‘ಮೈನಸ್ 4’ ಎಂಬ ಸಂಖ್ಯೆ ಹಿಡಿದುಕೊಂಡು ಎಸ್‌ಎಂಸಿ ಕಿಂಡಿಗೆ ಹೋಗಬೇಕು, ಜೊತೆಗೆ ಎಷ್ಟನೇ ಕೋರು ಎನ್ನುವುದನ್ನೂ ಹೇಳಬೇಕು. ಅದೇ ಮನೆಯ 4212ಕ್ಕೆ ಮಾತ್ರ ಎಬ್ಬಿಸುವುದಕ್ಕಿರುವುದೇ ಒಂದು ಕೋರಾದ್ದರಿಂದ ಅಲ್ಲಿ ಸೊನ್ನೆ ಅನ್ನಬೇಕು. ಇನ್ನು 3250 ಎಂಬ ಕಿರಿಯವನಿಗೆ ಕೋರ್ ಎಬ್ಬಿಸಲು ಕಿಂಡಿಗೆ ಹೋಗುವ ಅಗತ್ಯವೇ ಇಲ್ಲ. ಇವನ್ನೆಲ್ಲ ಒಂದೇ ಮನೆಯವರು ಮಾಡಿದ್ದು ಎಂದು ನಂಬಲು ಸ್ವಲ್ಪ ಭಕ್ತಿ ಬೇಕು.

ಕಿಂಡಿಗೆ ಹೋಗುವ ಮುಂಚಿನ ಸಿದ್ಧತೆಯೂ ನೋಡುವ ಹಾಗಿದೆ. ಆ ಫೈಲುಗಳಲ್ಲಿ ಎಸ್‌ಎಂಸಿ ಕರೆಗೆ ಮುಂಚಿನ ಕೆಲಸ ಏನು ಗೊತ್ತೇ? ನಾಲ್ಕರಿಂದ ಹನ್ನೊಂದರವರೆಗಿನ ರಿಜಿಸ್ಟರುಗಳನ್ನೆಲ್ಲ ಗುಡಿಸಿ ಸ್ಟ್ಯಾಕಿನೊಳಗೆ ತುಂಬಿ ಬೀಗ ಹಾಕುವುದು. ತಾವು ಕೆಲಸ ಮುಗಿಸಿ ಹೋದಮೇಲೆ ಒಂದೊಂದಾಗಿ ಮತ್ತೆ ಹೊರಗೆ ತೆಗೆದಿಡುವುದು. ನೆಂಟರು ಬರುವ ಮುನ್ನ ಬೆಳ್ಳಿ ಲೋಟ ಬೀರುವಿಗೆ ಸೇರಿಸುವವರನ್ನು ನಾನು ನೋಡಿದ್ದೇನೆ. ಸೆಕ್ಯೂರ್ ಎಂಬ ಬಿರುದು ಹೊತ್ತವರು ಬರುತ್ತಾರೆಂದು ಬೀರು ಹುಡುಕಿದ್ದು ಇದೇ ಮೊದಲು.

ಬೇರೆ ಬೇರೆ ಮನೆಗಳ ಸಂಗತಿ ಬೇರೆಯೇ. 1985ರಿಂದ ಬೆಂಗಳೂರಿನಲ್ಲೇ ಇರುವ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನವರ ಓಮ್ಯಾಪ್ 4ರಲ್ಲಿ ಎಲ್2 ಕ್ಯಾಶ್ ಹಚ್ಚಲು ಹೆಕ್ಸ್ 102 ಎಂಬ ಸಂಖ್ಯೆ ಉಚ್ಚರಿಸಬೇಕಿತ್ತು, ಎಕ್ಸಿನಾಸ್‌ನಲ್ಲಿ ಮೈನಸ್ 21. ಅಂತೂ ಈ ಗೊಂದಲ ನೋಡಲಾಗದೆ ಆರ್ಮ್‌ನವರೇ ಪಿಎಸ್‌ಸಿಐ ಎಂಬ ಒಂದು ಏಕರೂಪದ ಅರ್ಜಿ ಶಾಸ್ತ್ರ ಮಾಡಿದರು. ಈಗ ಹೆಕ್ಸ್ 84000003 ಅಂದರೆ ಎಲ್ಲರ ಮನೆಯಲ್ಲೂ ‘ಕೋರ್ ಎಬ್ಬಿಸಿ’ ಎಂದೇ ಅರ್ಥ. ತಾವು ಕೊಡುವ ಉತ್ತರಗಳಿಗೂ ಪಟ್ಟಿ ಇದೆ. ಸೊನ್ನೆ ಅಂದರೆ ಆಯಿತು. ಮೈನಸ್ 1 ಅಂದರೆ ಆ ಸೇವೆ ನಮ್ಮಲ್ಲಿ ಲಭ್ಯವಿಲ್ಲ. ಮೈನಸ್ 3 ಅಂದರೆ ತಿರಸ್ಕೃತ. ಮೈನಸ್ 4, ಅವನು ಆಗಲೇ ಎದ್ದಿದ್ದಾನೆ. ಮೈನಸ್ 5, ಏಳುತ್ತಿದ್ದಾನೆ, ಅವಸರ ಬೇಡ. ತಾಲ್ಲೂಕು ಕಚೇರಿಯ ಷರಾಗಳನ್ನು ನೋಡಿ ಬೆಳೆದವನಿಗೆ ಇದು ಪರಿಚಿತ ಭಾಷೆ. ಆದರೆ ಎಕ್ಸಿನಾಸ್‌ನ ಹಳೇ ಶಾಸ್ತ್ರದಲ್ಲಿ ಮೈನಸ್ 3 ಎಂದು ನಾವು ಹೋದರೆ ಅದರ ಅರ್ಥ ‘ಮಲಗಿಸಿ’. ಒಂದೇ ಸಂಖ್ಯೆ: ಒಂದು ಮನೆಯಲ್ಲಿ ಜೋಗುಳ, ಇನ್ನೊಂದು ಮನೆಯಲ್ಲಿ ಕತ್ತು ಹಿಡಿದು ಹೊರದಬ್ಬುವುದು.

ಇಲ್ಲಿ ಒಂದು ಮಾತು ನ್ಯಾಯವಾಗಿ ಹೇಳಬೇಕು. ತಾವು ಇರಲೇಬಾರದು ಎಂಬ ವಾದ ನನ್ನದಲ್ಲ. ನಾವೂ ಸಾಚಾ ಅಲ್ಲ. ಎರಡೂವರೆ ಕೋಟಿಗೂ ಹೆಚ್ಚು ಸಾಲಿನ ಕರ್ನಲ್ಲಿನಲ್ಲಿ ಎಲ್ಲೆಲ್ಲಿ ತೂತಿದೆಯೋ ಯಾರಿಗೆ ಗೊತ್ತು. ಡರ್ಟಿ ಕೌ ಎಂಬ ತೂತು 2007ರಿಂದ ಒಂಬತ್ತು ವರ್ಷ ಎಲ್ಲರ ಕಣ್ಣೆದುರಿಗೇ ಇತ್ತು, 2016ರಲ್ಲಿ ಮುಚ್ಚಿದೆವು. ಇಂಥವರ ಕೈಲಿ ಜನರ ಬೆರಳಚ್ಚು, ಡಿಸ್ಕ್ ಬೀಗದ ಕೀಲಿ ಕೊಡುವುದು ಬೇಡ, ಒಬ್ಬರು ಒಳಕೋಣೆಯಲ್ಲಿ ಕೂತು ನೋಡಿಕೊಳ್ಳಲಿ ಎಂದರೆ ಒಪ್ಪತಕ್ಕ ಮಾತೇ. ಒಳಕೋಣೆ ಇರಲಿ. ನನ್ನ ತಕರಾರು ಕಿಟಕಿಗೆ ಹಾಕಿರುವ ಕಪ್ಪು ಬಣ್ಣದ್ದು.

ಒಂದು ಸಣ್ಣ ಉದಾಹರಣೆ ಕೊಡುತ್ತೇನೆ. ಆರ್ಮ್ ಚಿಪ್ಪಿನೊಳಗೆ ಒಂದು ಟೈಮರಿದೆ. ಅದು ಸೆಕೆಂಡಿಗೆ ಎಷ್ಟು ಸಲ ಟಿಕ್ ಅನ್ನುತ್ತದೆ ಎಂಬುದನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಡಬೇಕು, ಹೆಚ್ಚಾಗಿ 2,40,00,000 ಎಂಬಂಥ ಒಂದೇ ಸಂಖ್ಯೆ. ನಾವು ಓದಬಹುದು, ಬರೆಯುವಂತಿಲ್ಲ. ಬರೆಯುವ ಹಕ್ಕು ಮಡಿಯವರದು. ಬೂಟ್ ಆಗುವಾಗ ಒಂದು ಸಲ, ಪ್ರತಿ ಕೋರಿಗೂ ಒಂದು ಸಲ ಬರೆದರೆ ಮುಗಿಯಿತು. ಇಷ್ಟನ್ನು ಮರೆತ ಫರ್ಮ್‌ವೇರುಗಳು ಎಷ್ಟಿದ್ದವೆಂದರೆ, ಡಿವೈಸ್ ಟ್ರೀಯಲ್ಲಿ ಆ ಸಂಖ್ಯೆಯನ್ನು ನಾವೇ ಬರೆದುಕೊಳ್ಳಲು ಒಂದು ಖಾನೆ ಮಾಡಿ, ಕೆಟ್ಟ ಫರ್ಮ್‌ವೇರ್ ಇದ್ದ ಕಡೆ ಮಾತ್ರ ಬಳಸಿ ಎಂಬ ಅರ್ಥದ ಎಚ್ಚರಿಕೆಯನ್ನೂ ಪಕ್ಕದಲ್ಲೇ ಬರೆದಿದ್ದಾರೆ. ಗಡಿಯಾರಕ್ಕೆ ಕೀ ಕೊಡುವ ಒಂದೇ ಕೆಲಸವನ್ನು ಮರೆತು ನಿದ್ದೆಹೋದವರು, ಕೀಯನ್ನು ಮಾತ್ರ ಸೊಂಟಕ್ಕೆ ಸಿಕ್ಕಿಸಿಕೊಂಡೇ ಮಲಗಿದ್ದರು.

ಅಜ್ಜಿಯ ಮಾತು ಅರ್ಧಕ್ಕೇ ಬಿಟ್ಟಿದ್ದೆ. ಮಡಿಯಲ್ಲಿರುವಾಗ ಅವಳಿಗೆ ಅಟ್ಟದ ಮೇಲಿನ ಉಪ್ಪಿನಕಾಯಿ ಭರಣಿ ಬೇಕಾಗುತ್ತಿತ್ತು. ಅಟ್ಟ ಮಡಿಯ ಸರಹದ್ದಿನಿಂದ ಆಚೆ. ಆಗ ‘ಏ ಮಾಣಿ, ಭರಣಿ ಇಳಿಸಿ ಹೊಸ್ತಿಲ ಹತ್ರ ಇಡು, ಮುಚ್ಚಳ ಮುಟ್ಟಬೇಡ’ ಅನ್ನುತ್ತಿದ್ದಳು. ಭರಣಿ ಹೊರುವ ಕೈ ಮೈಲಿಗೆಯಾಗದು, ಮುಚ್ಚಳ ಮುಟ್ಟಿದ ಬೆರಳು ಮಾತ್ರ ಮೈಲಿಗೆ. ಆ ಶಾಸ್ತ್ರ ನನಗೆ ಬಾಲ್ಯದಲ್ಲಿ ಅರ್ಥವಾಗಿರಲಿಲ್ಲ. ಆಪ್‌ಟೀ ಓದಿದ ಮೇಲೆ ಅರ್ಥವಾಯಿತು. ಆಪ್‌ಟೀ ಎನ್ನುವುದು ತಮ್ಮ ಜಾತಿಯಲ್ಲೇ ಸ್ವಲ್ಪ ತೆರೆದ ಮನಸ್ಸಿನದು, 2014ರಲ್ಲಿ ಅದರ ಸೋರ್ಸ್ ಕೋಡ್ ಬಹಿರಂಗವಾಯಿತು. ಅದಕ್ಕಾಗಿ 2017ರಲ್ಲಿ ಲಿನಕ್ಸ್ 4.12ರಲ್ಲಿ ಒಂದು ಪ್ರತ್ಯೇಕ ವಿಭಾಗವನ್ನೇ ತೆರೆದರು. ತೆರೆದಿರುವುದರಿಂದ ಒಳಗಿನ ಗುಟ್ಟೂ ತಿಳಿಯಿತು. ಈ ಸೆಕ್ಯೂರ್ ಲೋಕಕ್ಕೆ ತನ್ನದೇ ಫೈಲ್ ಸಿಸ್ಟಮ್ ಇಲ್ಲ. ಗುಟ್ಟಿನ ಕಡತ ಉಳಿಸಬೇಕಾದರೆ ಅದನ್ನು ಗೂಢಲಿಪಿಯಲ್ಲಿ ಸುತ್ತಿ, ಕಿಂಡಿಯಿಂದ ಈಚೆಗೆ ಚಾಚಿ, ‘ಇದನ್ನು ನಿಮ್ಮ ಡಿಸ್ಕಿನಲ್ಲಿ ಇಡಿ’ ಅನ್ನುತ್ತದೆ. ನಮ್ಮ ಕಡೆ ಅದಕ್ಕಾಗಿಯೇ ಟೀ ಸಪ್ಲಿಕಂಟ್ ಎಂಬ ಆಳೊಬ್ಬ ಸದಾ ಎದ್ದು ಕೂತಿರುತ್ತಾನೆ. ಸಪ್ಲಿಕಂಟ್ ಅಂದರೆ ಬೇಡುವವನು. ಬೇಡುತ್ತಿರುವವರು ಮೇಲಿನವರು, ಹೆಸರು ಕೆಳಗಿನವನಿಗೆ. ಅಷ್ಟೇ ಅಲ್ಲ, ಯಾವ ಕೆಲಸ ಯಾವಾಗ ಓಡಬೇಕು ಎಂದು ನಿರ್ಧರಿಸುವ ಷೆಡ್ಯೂಲರ್ ಕೂಡ ಅಲ್ಲಿಲ್ಲ, ನಾವು ಸಮಯ ಕೊಟ್ಟರೆ ಅವರು ಓಡುತ್ತಾರೆ. ನಮ್ಮನ್ನು ನಂಬದವರು ನಮ್ಮ ಅಟ್ಟದಲ್ಲಿ ಭರಣಿ ಇಟ್ಟು, ನಮ್ಮ ಗಂಟೆಗೆ ಎದ್ದು, ನಮ್ಮ ಹೊಸ್ತಿಲಲ್ಲಿ ಕೂಗಿ ಬದುಕುತ್ತಿದ್ದಾರೆ.

ಈ ವ್ಯವಸ್ಥೆ ಚೆನ್ನಾಗಿ ನಡೆದಿದ್ದರೆ ನಾನು ಬಾಯಿ ಮುಚ್ಚಿಕೊಂಡಿರುತ್ತಿದ್ದೆ. ಮುಚ್ಚಳದ ಕೆಳಗೆ ಏನಾಗಿತ್ತು ಎಂಬುದು ಆಗಾಗ ಹೊರಬಂದಿದೆ. 2016ರಲ್ಲಿ ಗಾಲ್ ಬೆನಿಯಾಮಿನಿ ಎಂಬ ಸಂಶೋಧಕರು ಕ್ವಾಲ್ಕಾಮ್ ಚಿಪ್ಪುಗಳ ಸೆಕ್ಯೂರ್ ಲೋಕಕ್ಕೆ ನುಗ್ಗಿ, ಆಂಡ್ರಾಯ್ಡ್ ಫೋನಿನ ಡಿಸ್ಕ್ ಬೀಗಕ್ಕೆ ಬೆಂಬಲವಾಗಿದ್ದ ಕೀಲಿಯನ್ನೇ ಈಚೆಗೆ ಎಳೆದು ತೋರಿಸಿದರು. ಮರುವರ್ಷ ಅವರೇ ಇನ್ನಷ್ಟು ಬಗೆದಾಗ ಕಂಡದ್ದು: ನಾವು ನಾರ್ಮಲ್ ಲೋಕದಲ್ಲಿ ವರ್ಷಗಳಿಂದ ಕಡ್ಡಾಯ ಮಾಡಿಕೊಂಡಿದ್ದ ಎಎಸ್‌ಎಲ್‌ಆರ್, ಸ್ಟ್ಯಾಕ್ ಕುಕಿಯಂಥ ರಕ್ಷಣೆಗಳು ಒಂದು ಹೆಸರಾಂತ ಸೆಕ್ಯೂರ್ ಓಎಸ್‌ನಲ್ಲಿ ಇರಲೇ ಇಲ್ಲ. ದೋಷವಿದೆಯೆಂದು ಸರಿಪಡಿಸಿ ಹೊಸದು ಹಾಕಿದ ಮೇಲೂ, ಸಹಿಯಿರುವ ಹಳೇ ದೋಷದ ಪ್ರತಿಯನ್ನೇ ತಂದುಕೊಟ್ಟರೆ ಎಷ್ಟೋ ಫೋನುಗಳು ಅದನ್ನು ಒಳಗೆ ಬಿಟ್ಟುಕೊಳ್ಳುತ್ತಿದ್ದವು. ಸಹಿ ಇದೆಯಲ್ಲ, ಸಾಕು.

ನನಗೆ ಇದಕ್ಕಿಂತ ಇಷ್ಟವಾದದ್ದು 2022ರದು. ಟೆಲ್ ಅವೀವ್ ವಿಶ್ವವಿದ್ಯಾಲಯದ ಮೂವರು ಸಂಶೋಧಕರು ಗ್ಯಾಲಕ್ಸಿ ಎಸ್8ರಿಂದ ಎಸ್21ರವರೆಗಿನ ಫೋನುಗಳ ಕೀಲಿ ಕಾಯುವ ಸೆಕ್ಯೂರ್ ಪ್ರೋಗ್ರಾಮನ್ನು ಬಿಚ್ಚಿ ನೋಡಿದರು. ಅವರ ಅಂದಾಜಿನಲ್ಲಿ ಸುಮಾರು 10 ಕೋಟಿ ಫೋನುಗಳ ಮಾತು. ಗೂಢಲಿಪಿಗೆ ಪ್ರತಿಸಲ ಹೊಸದಾಗಿರಬೇಕಾದ ಒಂದು ಆರಂಭದ ಸಂಖ್ಯೆ ಇರುತ್ತದೆ. ಅದು ಎರಡನೇ ಸಲ ಬಂದರೆ ಇಡೀ ಬೀಗ ಸಡಿಲವಾಗುತ್ತದೆ. ಮೈಲಿಗೆಯ ಲೋಕದಿಂದ ಬಂದವರು ‘ಈ ಸಂಖ್ಯೆ ಬಳಸಿ ಸ್ವಾಮಿ’ ಅಂದರೆ ಮಡಿಯವರು ಅದನ್ನು ತೆಗೆದುಕೊಂಡು ಬಳಸುತ್ತಿದ್ದರು. ನಮ್ಮ ಕೈಯ ನೀರನ್ನೂ ಮುಟ್ಟದವರು ನಮ್ಮ ಕೈಯ ಸಂಖ್ಯೆಯನ್ನು ಕಣ್ಣುಮುಚ್ಚಿ ನಂಬಿದ್ದರು! ಆ ದೋಷವನ್ನು ಸಂಶೋಧನೆ ಪ್ರಕಟವಾಗುವ ಮೊದಲೇ, 2021ರಲ್ಲಿ, ಸರಿಪಡಿಸಿದರು ಎಂಬುದನ್ನೂ ಹೇಳಿಬಿಡಬೇಕು.

ಇನ್ನೂ ಒಂದು ವಿಚಾರ, 2018ರ ಜನವರಿಯದು. ಸ್ಪೆಕ್ಟರ್ ಎಂಬ ದೋಷದ ದೆವ್ವ ಪ್ರಪಂಚದ ಎಷ್ಟೋ ಪ್ರೊಸೆಸರುಗಳನ್ನು ಹಿಡಿದಾಗ ನಾವೆಲ್ಲ ನಿದ್ದೆಗೆಟ್ಟು ಪ್ಯಾಚ್ ಬರೆದೆವು. ಆರ್ಮ್‌ನ ಕೆಲವು ಕೋರುಗಳಲ್ಲಿ ದೆವ್ವ ಬಿಡಿಸುವ ಮಂತ್ರ ನಮ್ಮ ಬಳಿ ಇರಲಿಲ್ಲ. ಹೆಕ್ಸ್ 80008000 ಎಂದು ಕೂಗಿ ತಮ್ಮನ್ನೇ ಕರೆಯಬೇಕು. ತಾವು ಹೊಸ ಆವೃತ್ತಿಯವರಾಗಿದ್ದರೆ ಬಂದು ಬಿಡಿಸುತ್ತೀರಿ. ಹಳಬರಾಗಿದ್ದರೆ ‘ಲಭ್ಯವಿಲ್ಲ’ ಎಂಬ ಷರಾ. ಆಗ ಕರ್ನಲ್ ತನ್ನ ವರದಿಯಲ್ಲಿ ‘ವಲ್ನರಬಲ್’ ಎಂದು ಬರೆದುಕೊಂಡು ಸುಮ್ಮನಾಗುತ್ತದೆ. ಕರ್ನಲ್ ಅನ್ನು ನಾನು ಇವತ್ತೇ ಬದಲಿಸಬಲ್ಲೆ. ತಮ್ಮನ್ನು ಬದಲಿಸಬೇಕಾದರೆ ಸಹಿಯ ಕೀಲಿ ಇರುವವರು ಮನಸ್ಸು ಮಾಡಬೇಕು, ಅವರು ಆಗಲೇ ಮುಂದಿನ ವರ್ಷದ ಫೋನಿನ ಜಾಹೀರಾತಿನಲ್ಲಿ ಮುಳುಗಿರುತ್ತಾರೆ.

ಸೆಕ್ಯೂರ್ ಅಂದರೆ ಯಾರಿಂದ ಯಾರಿಗೆ ರಕ್ಷಣೆ ಎಂದು ಒಮ್ಮೆ ನನ್ನ ಹೆಂಡತಿ ಕೇಳಿದಳು. ಕಳ್ಳರಿಂದ ಅಂದೆ. ಅವಳ ಹಳೆಯ ಫೋನಿನ ಬೂಟ್‌ಲೋಡರ್ ಬೀಗ ತೆಗೆದು ನಾನು ಬೇರೆ ಆಂಡ್ರಾಯ್ಡ್ ಹಾಕಿಕೊಟ್ಟಿದ್ದನ್ನು ಅವಳು ನೋಡಿದ್ದಳು. ಆಮೇಲೆ ಅದರಲ್ಲಿ ಸಿನಿಮಾ ಎಚ್‌ಡಿಯಲ್ಲಿ ಕಾಣಿಸುವುದು ನಿಂತಿತು. ಸಿನಿಮಾ ಬಿಡಿಸುವ ಕೀಲಿ ತಮ್ಮ ಒಳಕೋಣೆಯಲ್ಲಿದೆ, ಬೀಗ ತೆಗೆದ ಮನೆಯೊಳಗೆ ತಾವು ಅದನ್ನು ಹೊರತೆಗೆಯಲಿಲ್ಲ. ‘ಹಾಗಿದ್ರೆ ಕಳ್ಳಿ ನಾನೇನಾ?’ ಅಂದಳು. ಫೋನಿಗೆ ದುಡ್ಡು ಕೊಟ್ಟವಳು ಅವಳು. ನನ್ನಲ್ಲಿ ಉತ್ತರವಿರಲಿಲ್ಲ, ತಮ್ಮ ಕಡೆಗೆ ಕೈ ತೋರಿಸಿದೆ. ತಾವು ಎಂದಿನಂತೆ ಕಾಣಿಸಲಿಲ್ಲ.

ಇಂಥ ಪತ್ರ ಬರೆದವರಲ್ಲಿ ನಾನು ಮೊದಲನೆಯವನಲ್ಲ ಎಂಬುದೇ ಒಂದು ಸಮಾಧಾನ. ಇಂಟೆಲ್ ಕಂಪ್ಯೂಟರುಗಳಲ್ಲಿ ತಮ್ಮ ದಾಯಾದಿಯೊಬ್ಬರು ಮ್ಯಾನೇಜ್‌ಮೆಂಟ್ ಎಂಜಿನ್ ಎಂಬ ಹೆಸರಿನಲ್ಲಿ ವಾಸವಾಗಿದ್ದಾರೆ. ಅವರ ಒಳಗಿರುವುದು ಮಿನಿಕ್ಸ್ ಎಂದು 2017ರಲ್ಲಿ ಬಯಲಾದಾಗ, ವಿದ್ಯಾರ್ಥಿಗಳಿಗೆ ಪಾಠ ಹೇಳಲೆಂದು ಮಿನಿಕ್ಸ್ ಬರೆದಿದ್ದ ಆಂಡ್ರ್ಯೂ ಟಾನೆನ್‌ಬಾಮ್ ಇಂಟೆಲ್‌ಗೆ ಒಂದು ಬಹಿರಂಗ ಪತ್ರ ಬರೆದರು. ಬಳಸಿಕೊಂಡದ್ದಕ್ಕೆ ಆಕ್ಷೇಪವಿಲ್ಲ, ಒಂದು ಮಾತು ಹೇಳಬಹುದಿತ್ತು ಎಂಬರ್ಥದಲ್ಲಿ. ಆ ಸೌಜನ್ಯಕ್ಕೆ ನಾನು ತಲೆಬಾಗುತ್ತೇನೆ, ನನಗದು ಬರುವುದಿಲ್ಲ.

ನನ್ನ ಬೇಡಿಕೆಗಳು ದೊಡ್ಡವೇನಲ್ಲ. ಕೋರ್ ಎಬ್ಬಿಸಲು ಎಲ್ಲೆಡೆ ಒಂದೇ ಅರ್ಜಿ ನಮೂನೆ ಇರಲಿ, ಅದು ಹೆಚ್ಚುಕಡಿಮೆ ಆಗಿದೆ. ಗಡಿಯಾರಕ್ಕೆ ಕೀ ಕೊಡುವುದನ್ನು ಮರೆಯಬೇಡಿ. ತಮ್ಮ ಕೋಡನ್ನು ಹೊರಗಿನವರು ಓದಲು ಬಿಡಿ. ಆರ್ಮ್‌ನವರು ಟ್ರಸ್ಟೆಡ್ ಫರ್ಮ್‌ವೇರನ್ನು 2013ರಲ್ಲೇ ತೆರೆದಿಟ್ಟಿದ್ದಾರೆ, ಅದರಿಂದ ಮನೆಯೇನೂ ಬಿದ್ದಿಲ್ಲ. ಫೋನು ಕೊಂಡವಳಿಗೆ, ಅವಳು ಕೇಳಿದರೆ, ಒಳಕೋಣೆಯ ಒಂದು ಕೀಲಿ ಕೊಡಿ. ಮತ್ತು ಬಂದು ಹೋಗುವಾಗ ನಮ್ಮ ರಿಜಿಸ್ಟರುಗಳನ್ನು ಇಟ್ಟ ಜಾಗದಲ್ಲೇ ಇಟ್ಟು ಹೋಗಿ.

ಈ ಪತ್ರವನ್ನು ಮೇಜಿನ ಮೇಲಿರುವ ಒಂದು ಆರ್ಮ್ ಬೋರ್ಡಿನಲ್ಲೇ ಟೈಪ್ ಮಾಡಿದ್ದೇನೆ, ಅಂದರೆ ಇದರ ಒಂದೊಂದು ಅಕ್ಷರ ಬೀಳುವಾಗಲೂ ತಾವು ಮೇಲೆ ಇದ್ದೀರಿ. ರಾತ್ರಿ ಹನ್ನೊಂದೂವರೆಯಾಯಿತು, ಬೋರ್ಡ್ ಆಫ್ ಮಾಡಬೇಕು. ಅದಕ್ಕೂ ತಮ್ಮ ಅಪ್ಪಣೆ ಬೇಕು. ಕರ್ನಲ್ ‘ಪವರ್ ಡೌನ್’ ಎಂದು ತನ್ನ ಕೊನೆಯ ಸಾಲು ಬರೆದು, ಹೆಕ್ಸ್ 84000008 ಹಿಡಿದುಕೊಂಡು ಕಿಂಡಿಯ ಹತ್ತಿರ ಬರುತ್ತದೆ. ಈ ಒಂದು ಅರ್ಜಿಗೆ ಮಾತ್ರ ಉತ್ತರ ಬರುವುದಿಲ್ಲವೆಂದು ತಮ್ಮ ಶಾಸ್ತ್ರದಲ್ಲೇ ಬರೆದಿದೆ. ದಯವಿಟ್ಟು ದೀಪ ಆರಿಸಿ.

ಇತಿ ತಮ್ಮ ವಿಧೇಯ,
ಒಂದನೇ ಮಹಡಿಯವನು